ಮಣ್ಣಾಗದ ಹಾಳೆ

ನಾನು ಹೊಲಕ್ಕೆ ಹಾಸುವ ಪ್ಲಾಸ್ಟಿಕ್ಕಿನ ಮಲ್ಚಿಂಗ್ ಹಾಳೆ. ಕಾರ್ಖಾನೆಯಲ್ಲಿ ಕುದಿದು, ಗಾಳಿ ತುಂಬಿಸಿಕೊಂಡು, ತೆಳ್ಳಗೆ ಹಿಗ್ಗಿ ಹುಟ್ಟಿದವನು. ಮೇಲ್ಮೈ ಬೆಳ್ಳಿ, ಕೆಳಮೈ ಕಪ್ಪು. ಹುಟ್ಟಿದಂದಿನಿಂದ ನಿಂತಲ್ಲಿ ನಿಲ್ಲುವ ಜಾಯಮಾನ ನನ್ನದಲ್ಲ. ಸಣ್ಣ ಗಾಳಿ ಬಂದರೂ ಪಟಪಟ ಎನ್ನುತ್ತೇನೆ.

ಹಾವೇರಿ ಕಡೆಯ ಫಕ್ಕೀರಗೌಡರು ನನ್ನನ್ನು ಕಲ್ಲಂಗಡಿ ಹೊಲಕ್ಕೆ ಹಾಸಿದರು. ಅಂಚಿಗೆಲ್ಲ ಮಣ್ಣೆಳೆದು ಹೂತಾಗ ಮೊದಲ ಸಲ ಸುಮ್ಮನಾದೆ. ಕಳೆ ಏಳಗೊಡಲಿಲ್ಲ, ತೇವ ಆರಗೊಡಲಿಲ್ಲ. ಹಣ್ಣುಗಳು ನನ್ನ ಬೆನ್ನ ಮೇಲೇ ದಪ್ಪಗಾದವು. ಗೌಡರು ಊರ ತುಂಬ ಹೊಗಳಿದರು, ನಾನೂ ಉಬ್ಬಿಹೋದೆ.

ಬೆಳೆ ಮುಗಿದ ಮೇಲೆ ನನ್ನನ್ನು ಕಿತ್ತು ತೆಗೆಯಬೇಕಿತ್ತು. ಬಿಸಿಲಿಗೆ ಹಪ್ಪಳವಾಗಿದ್ದ ನಾನು ಎಳೆದಲ್ಲೆಲ್ಲ ಹರಿದೆ. ಗೌಡರಿಗೆ ಬೇಸರ ಬಂತು.

"ಬಿಡ್ರಿ ಅದನ್ನ, ಮ್ಯಾಲೆ ರೋಟರ್ ಹೊಡೀರಿ. ಮಣ್ಣಾಗ ಮಣ್ಣಾಗಿ ಹೋಗ್ತೈತಿ."

ಮಣ್ಣಾಗುವುದೇ? ಅದು ನನಗೆ ಬಾರದ ವಿದ್ಯೆ. ಎಲೆ ಕೊಳೆಯಿತು, ಬಳ್ಳಿ ಕೊಳೆಯಿತು, ಸತ್ತ ಹುಳು ಕೂಡ ಮಣ್ಣಾಗಿ ಹಾಯಾಗಿತ್ತು. ನನಗೆ ಹೊಟ್ಟೆಕಿಚ್ಚು. ನಾನು ಮಾತ್ರ ಟ್ರ್ಯಾಕ್ಟರಿನ ರೋಟರ್ ಅಲಗುಗಳಿಗೆ ಸಿಕ್ಕಿ ಚೂರಾದೆ, ಚೂರಿನ ಚೂರಾದೆ. ಮಳೆಗಾಲ ಬಂದಂತೆಲ್ಲ ನೀರಿನೊಡನೆ ಹರಿದು ಕೆರೆ ಸೇರಿದೆ. ಕಣ್ಣಿಗೆ ಕಾಣದ ಚೂರುಗಳು ನೆಲದ ಬಿರುಕಿನಲ್ಲಿ ಇಳಿದು, ಕೆರೆಯ ಕೆಳಗಿನ ಬಾವಿಯನ್ನೂ ಮುಟ್ಟಿದವು.

ಆ ಕೆರೆಯ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತೊಯ್ದವಳು ಕುಂಬಾರ ಶೇಖವ್ವ. ಊರಲ್ಲಿ ಯಾರ ಮದುವೆಯಾದರೂ ವಾದ್ಯದೊಡನೆ ಅವಳ ಮನೆಗೆ ಹೋಗಿ, ಹಂದರದಲ್ಲಿ ಪೂಜೆಗಿಡಲು ಸುಣ್ಣದ ಗೆರೆ ಬರೆದ ಐರಣಿ ಗಡಿಗೆ ತರಬೇಕು. ಅವಳಿಗಿದ್ದ ಆಸ್ತಿಯೆಂದರೆ ಆ ಮರ್ಯಾದೆ. ಈ ಸಲ ಫಕ್ಕೀರಗೌಡರ ಮಗಳ ಮದುವೆ. ಶೇಖವ್ವ ಮಣ್ಣನ್ನು ಜರಡಿ ಹಿಡಿದಳು. ನಾನು ಮಡಚಿಕೊಂಡು ನುಸುಳಿಬಿಟ್ಟೆ. ತುಳಿದು ಹದ ಮಾಡಿ, ಗಡಿಗೆ ಎತ್ತಿ, ಮರದ ಹಲಗೆಯಿಂದ ತಟ್ಟಿ, ಆವಿಗೆಯಲ್ಲಿ ಸುಟ್ಟಳು. ಮಣ್ಣಿನೊಳಗಿದ್ದ ನನ್ನ ಚೂರುಗಳು ಉರಿದುಹೋಗಿ, ಅವು ಇದ್ದಲ್ಲಿ ತೂತು ಉಳಿಯಿತು. ಅಷ್ಟಕ್ಕಾದರೂ ಸಾವು ಸಿಕ್ಕಿತಲ್ಲ ಎಂದುಕೊಂಡೆ.

ಹಂದರದಲ್ಲಿ ಗಡಿಗೆಗೆ ನೀರು ತುಂಬಿದರು. ಹೊಸ ಗಡಿಗೆ ಬೆವರುವುದು ಇದ್ದದ್ದೇ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಇದು ಬೆವರಲಿಲ್ಲ, ಸೋರಿತು. ಸುಣ್ಣದ ಗೆರೆ ಇಳಿದುಹೋಯಿತು. ಕೆಳಗೆ ಹರವಿದ್ದ ಅಕ್ಕಿ ತೊಯ್ದಿತು. ಹೆಂಗಸರು ಹಾಡು ನಿಲ್ಲಿಸಿದರು.

"ನನ್ನ ಮಗಳ ಹಂದರದಾಗ ಹಿಂಗ ಆಗಬಾರದಿತ್ತು, ಶೇಖವ್ವಾ," ಎಂದರು ಗೌಡರು. ದನಿಯಲ್ಲಿ ಸಿಟ್ಟಿಗಿಂತ ಅಪಶಕುನದ ಹೆದರಿಕೆ ಹೆಚ್ಚಿತ್ತು.

ಶೇಖವ್ವ ಗಡಿಗೆಯ ಮೈ ಸವರಿದಳು. "ಬಾರಿಸಿ ನೋಡೇ ಕೊಟ್ಟೀನ್ರಿ ಗೌಡ್ರ, ಖಣ್ ಅಂದಿತ್ತು. ನನ್ನ ಕೈಯಾಗಿನ ಗುಣಾನ ಹೋದಂಗ ಐತ್ರಿ."

"ಇರ್ಲಿ ಬಿಡು. ವಯಸ್ಸಾತು ನಿನಗ. ಇನ್ನ ಮ್ಯಾಲೆ ಬ್ಯಾರೆ ಊರಿಂದ ತರಸ್ತೀವಿ."

ಸುಳ್ಳು! ಅವಳ ಕೈಯಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಕೂಗಿ ಹೇಳಬೇಕೆಂದು ಒದ್ದಾಡಿದೆ.

ನನಗೀಗ ಮುಪ್ಪು ಬಂತು ಎನ್ನೋಣವೆಂದರೆ ಅದೂ ಬಂದಿಲ್ಲ. ಹೊಲದಲ್ಲಿದ್ದೇನೆ, ಕೆರೆಯಲ್ಲಿದ್ದೇನೆ, ಬಾವಿಯಲ್ಲಿದ್ದೇನೆ, ಎಲ್ಲಿಯೂ ನೆಮ್ಮದಿಯಿಲ್ಲ. ಶೇಖವ್ವ ತಟ್ಟುವ ಹಲಗೆಯನ್ನು ಅಟ್ಟಕ್ಕೆ ಎಸೆದಿದ್ದಾಳೆ. ಕಟ್ಟೆಯ ಮೇಲೆ ಕೂತು ತನ್ನ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾಳೆ. ಬಾಯಾರಿದರೆ ಆ ಬಾವಿಯ ನೀರನ್ನೇ ಕುಡಿಯುತ್ತಾಳೆ, ಗುಟುಕಿನೊಡನೆ ನಾನೂ ಇಳಿಯುತ್ತೇನೆ. ಅವಳ ಹೊಟ್ಟೆಯೊಳಗೇ ಇದ್ದೇನೆ. ತಪ್ಪು ನಿನ್ನದಲ್ಲ ಎಂಬ ಒಂದು ಮಾತು ಹೇಳಲಾರೆ.