ಕತ್ತಲಲ್ಲಿ ನನ್ನ ಕೈ

ಕರೆಂಟು ಹೋಯಿತು, ಕಣ್ಣೆದುರಿನ ಕತ್ತಿಯೂ ಹೋಯಿತು, ಆದರೆ ಮಣೆಗೆ ಕೂಡಿಸಿದ ಕತ್ತಿ ಅಲ್ಲೇ ಇದೆ, ಮೊನೆ ಮೇಲಕ್ಕೇ ಇದೆ, ನನ್ನ ಬಲಗೈ ಮಾತ್ರ ಎಲ್ಲಿದೆಯೋ — ತೊಡೆಯ ಮೇಲೆ ಇಟ್ಟುಕೊಂಡೆ ಅಲ್ಲವೇ, ಇಟ್ಟುಕೊಂಡೆ, ಇಟ್ಟುಕೊಂಡೆ ಅಂದುಕೊಂಡೆ. ಸುತ್ತ ಯಾರ ಕೈಯೂ ನಿಂತಿಲ್ಲ, ಕರಕ್, ಕರಕ್, ಚನ್ನಗಿರಿಯ ಈ ಶೆಡ್ಡಿನಲ್ಲಿ ಅಡಿಕೆ ಸುಲಿಯುವ ಹೆಂಗಸರಿಗೆ ದೀಪ ಯಾಕೆ ಬೇಕು, ಹೋದ ವರ್ಷದ ಕೊಯ್ಲಿನಲ್ಲಿ ನನಗೂ ಬೇಕಿರಲಿಲ್ಲ, ಬಾಗಿಲ ಕಡೆ ನೋಡುತ್ತ, ಯಾರದೋ ಮದುವೆಯ ಸುದ್ದಿ ಹೇಳುತ್ತ ಸುಲಿಯುತ್ತಿದ್ದೆ, ಈಗ ಪ್ರತಿ ಕಾಯಿಯನ್ನೂ ನೋಡಬೇಕು, ಪ್ರತಿ ಬೆರಳನ್ನೂ ನೋಡಬೇಕು, ಮಧ್ಯಾಹ್ನ ಪಕ್ಕದ ಮಣೆಯ ಚೌಡಕ್ಕ ಕಿಚಾಯಿಸಿದಳು, ಹಂಗ್ಯಾಕ್ ನೋಡ್ತೀಯೇ ಕಲ್ಪನಾ, ಅಡಿಕೆಗೇ ದೃಷ್ಟಿ ಆಗ್ತೈತೆ, ಎಲ್ಲರೂ ನಕ್ಕರು, ನಾನೂ ನಕ್ಕೆ. ಮೊನ್ನೆ ಕೈ ತೋರಿಸಲು ಹೋದಾಗ ಹೊನ್ನಾಳಿಯ ಡಾಕ್ಟರು ನಗಲಿಲ್ಲ, ಕಣ್ಣು ಮುಚ್ಚಮ್ಮ ಅಂದರು, ತೋರುಬೆರಳು ಹಿಡಿದು ಅಲ್ಲಾಡಿಸಿದರು, ಮೇಲೋ ಕೆಳಗೋ, ಕೆಳಗೆ ಸಾರ್, ಈಗ ಕಣ್ಣು ಬಿಡು, ಬೆರಳು ಮೇಲಕ್ಕೆ ನೆಟ್ಟಗೆ ನಿಂತಿತ್ತು, ಇನ್ಯಾರದೋ ಬೆರಳಿನ ಹಾಗೆ. ಕೈಯಲ್ಲಿ ಬಲ ಇದೆಯಮ್ಮ, ಕೈ ಎಲ್ಲಿದೆ ಅನ್ನೋ ಸುದ್ದಿ ನರದಿಂದ ಬೆನ್ನುಹುರಿಗೆ ಬರಬೇಕು, ಹುರಿ ಅಲ್ಲೇ ಕೈಯನ್ನ ತಿದ್ದುತ್ತೆ, ಮೆದುಳಿಗೂ ಕಳಿಸುತ್ತೆ, ನಿನಗೆ ಬಿ ಹನ್ನೆರಡು ವಿಟಮಿನ್ ಕಮ್ಮಿಯಾಗಿ ಆ ದಾರಿ ಕೆಟ್ಟಿದೆ, ಕಣ್ಣೇ ಆ ಕೆಲಸ ಮಾಡ್ತಿದೆ, ಕಣ್ಣು ತಪ್ಪಿದರೆ ಬೆರಳು ತಾನಾಗೇ ಆಡುತ್ತೆ, ಇಂಜೆಕ್ಷನ್ ತಗೋ, ಕತ್ತಿ ಮುಟ್ಟಬೇಡ. ಪೂರ್ತಿ ವಾಸಿ ಆಗ್ತೈತಾ ಸಾರ್, ಅವರು ಚೀಟಿ ಬರೆಯುತ್ತಲೇ ಇದ್ದರು. ಮನೆಯವರಿಗೆ ಹೇಳಲಿಲ್ಲ, ಹೇಳಿದರೆ ಶೆಡ್ಡಿಗೆ ಹೋಗಬೇಡ ಅನ್ನುತ್ತಾರೆ, ಇದು ಸುಲಿಯುವ ಕೈ, ಸುಲಿಯದಿದ್ದರೆ ಇದು ಯಾವ ಕೈ — ಕರಕ್, ಕರಕ್, ನನ್ನ ಸದ್ದೊಂದೇ ಇಲ್ಲ, ಚೌಡಕ್ಕನಿಗೆ ಗೊತ್ತಾಯಿತು, ಯಾಕೇ, ನಿದ್ದೆ ಬಂತೇನೇ, ಇಲ್ಲ ಚೌಡಕ್ಕ, ಕಾಲು ಜೋಮು ಹಿಡೀತು. ಎಡಗೈಯಿಂದ ತೊಡೆ ಸವರಿ ಬಲಗೈ ಹುಡುಕಲೇ, ಎಡಗೈಯಾದರೂ ಎಲ್ಲಿದೆ, ಎತ್ತಿದರೆ ಕತ್ತಿಯ ಮೇಲೇ ಹೋಗಿ ಬಿದ್ದರೆ, ಅಲುಗಬೇಡ, ನೋವು ಮಾತ್ರ ಗೊತ್ತಾಗುತ್ತೆ, ನೋವಿನ ದಾರಿ ಬೇರೆ ಅಂದಿದ್ದರು ಡಾಕ್ಟರು, ನೋವಿಲ್ಲ, ಹಾಗಾದರೆ ಕೈ ಕ್ಷೇಮ, ಅಥವಾ ಇನ್ನೂ ಕೊಯ್ದಿಲ್ಲ ಅಷ್ಟೇ, ಇನ್ನೂ — ಚೌಡಕ್ಕ, ನನ್ ಕೈ ಸಿಗ್ತಿಲ್ಲ. ಅಂದೇಬಿಟ್ಟೆ, ಎಲ್ಲ ಸದ್ದೂ ನಿಂತಿತು, ಕೈ ಎಲ್ಲಿಗ್ ಹೋಗ್ತೈತೇ ಹುಚ್ಚಿ, ಯಾರೋ ಕಿಸಕ್ಕೆಂದರು, ತಡಿ, ಮೊಬೈಲ್ ಎಲ್ಲೈತೆ ನೋಡ್ತೀನಿ, ಬೆಳಕು, ನನ್ನ ತೊಡೆ, ತೊಡೆಯ ಮೇಲೆ ಬರೀ ಸಿಪ್ಪೆ, ಅಯ್ಯೋ ಅಲುಗಬ್ಯಾಡ್ವೇ, ಕತ್ತಿಯ ಮೊನೆ, ಅದಕ್ಕೆ ಕೂದಲೆಳೆಯಷ್ಟು ಮೇಲೆ ಬೆರಳು, ನಾನು ಆಡಿಸದೆಯೇ, ಒಂದೊಂದಾಗಿ, ಮೆಲ್ಲಗೆ, ಆಡುತ್ತಿರುವ ಬೆರಳು, ಬೆರಳು —