ವಿಮಾನಕ್ಕೆ ತೋರಿಸಿದ್ದು

"ನೀವೆಲ್ಲ ಸ್ನಾನ ಅಂತ ಒಂದು ಮಾಡ್ತೀರೋ, ಇಲ್ಲಾ ಅದನ್ನೂ ಸರ್ಕಾರವೇ ಬಂದು ಮಾಡಿಸಬೇಕೋ?"

ಕರ್ನಲ್ ನೆಲಮಾಳಿಗೆಯ ಬಾಗಿಲಲ್ಲೇ ನಿಂತಿದ್ದ. ಕರವಸ್ತ್ರ ಮೂಗಿನ ಮೇಲಿತ್ತು. ಸೈನ್ಯದಿಂದ ನಿವೃತ್ತನಾದ ಮೇಲೆ ಸೈನ್ಯದ್ದೇ ಈ ಹಳೇ ದಾಖಲೆ ಭಂಡಾರಕ್ಕೆ ಮುಖ್ಯಸ್ಥನಾಗಿ ಬಂದು ಕೂತವನು. ಸಮವಸ್ತ್ರ ಕಳಚಿದ್ದರೂ ಗತ್ತು ಕಳಚಿರಲಿಲ್ಲ.

"ವಾಸನೆ ನಮ್ಮದಲ್ಲ ಸಾರ್," ಅಂದಳು ಕುಳ್ಳಿ. ಕೈಯಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದು ಅವನ ಕಡೆ ಚಾಚಿದಳು. "ಫಿಲ್ಮ್ ಕೊಳೀತಾ ಇದೆ. ಅದರದ್ದೇ ಈ ಹುಳಿ ನಾತ. ಬೇಕಾದ್ರೆ ಮೂಸಿ ನೋಡಿ."

"ಸೈನ್ಯದ ಫಿಲ್ಮ್ ಕೊಳೆಯಲ್ಲ." ಅವನು ಎರಡು ಹೆಜ್ಜೆ ಹಿಂದೆ ಸರಿದ. "ನೀವು ತೊಗಲು ಕೆರೆಯೋ ಜನ. ಎಷ್ಟು ತಲೆಮಾರು ಕಳೆದರೂ ಅದು ಮೈ ಬಿಟ್ಟು ಹೋಗಲ್ಲ. ನಾಳೆಯಿಂದ ಸೋಪು ಹಾಕ್ಕೊಂಡು ಬನ್ನಿ."

ಅವನ ಬೂಟಿನ ಸದ್ದು ಮೆಟ್ಟಿಲ ಮೇಲೆ ಅಡಗಿದ ಮೇಲೆ ಪಕ್ಕದ ಕಂಪ್ಯೂಟರಿನ ಸೋಡಾಬುಡ್ಡಿ ಬಾಯಿ ಬಿಟ್ಟ. "ಬೋಳಿಮಗ. ಅವನ ಮೀಸೆ ಎಣ್ಣೆಗೆ ನನಗೆ ತಲೆ ತಿರುಗುತ್ತೆ. ನಾನೇನಾದ್ರೂ ಹೇಳ್ತೀನಾ?"

ದಪ್ಪ ಕನ್ನಡಕದ ಸೋಡಾಬುಡ್ಡಿಯೂ ಕುಳ್ಳಿಯ ಹಾಗೇ ಗುತ್ತಿಗೆ ಆಳು. ಸೈನ್ಯದ ವಿಮಾನಗಳು ಹಿಂದೆ ಆಕಾಶದಿಂದ ತೆಗೆದ ಚಿತ್ರಗಳು ಎಷ್ಟೋ ವರ್ಷ ಬೀಗದೊಳಗೆ ಇದ್ದವು. ಈಗ ಅವನ್ನು ಕಂಪ್ಯೂಟರಿಗೆ ಏರಿಸಿ ಜನರಿಗೆಲ್ಲ ತೋರಿಸಬೇಕೆಂದು ಸರ್ಕಾರಕ್ಕೆ ಹುಕಿ ಬಂದಿತ್ತು. ಕುಳ್ಳಿ ಸುರುಳಿ ಬಿಚ್ಚಿ, ಧೂಳು ಒರೆಸಿ, ಸ್ಕ್ಯಾನರಿನ ಗಾಜಿನ ಮೇಲೆ ಹಾಸುವಳು. ಪರದೆಯ ಮೇಲೆ ಬಂದ ಚಿತ್ರಕ್ಕೆ ಸೋಡಾಬುಡ್ಡಿ ನಂಬರು ಕೊಟ್ಟು, ಜಾಲತಾಣಕ್ಕೆ ಸೇರಿಸುವನು. ನದಿ, ರಸ್ತೆ, ಹೊಲ, ಛಾವಣಿ. ಮೇಲಿನಿಂದ ನೋಡಿದರೆ ಲೋಕವೆಲ್ಲ ಹೊಲಿದ ಕೌದಿಯ ಹಾಗೆ. ನೋಡಿ ನೋಡಿ ಕುಳ್ಳಿಗೆ ಆಕಳಿಕೆ ಬರುತ್ತಿತ್ತು.

ಆವತ್ತು ಬಂದ ಚಿತ್ರಕ್ಕೆ ಆಕಳಿಕೆ ಅರ್ಧಕ್ಕೇ ನಿಂತಿತು.

ವಿಮಾನ ತೀರ ತಗ್ಗಿನಲ್ಲಿ ಹಾರಿ, ಓರೆಯಾಗಿ ತೆಗೆದ ಚಿತ್ರ. ನದಿಯ ದಂಡೆ, ಬಾವಿ, ತೊಗಲು ನೆನೆಹಾಕುವ ಗುಂಡಿಗಳ ಸಾಲು, ಗುಡಿಸಲುಗಳು. ಗುಡಿಸಲುಗಳ ಮುಂದಿನ ಬಯಲಲ್ಲಿ ಜನ ಸಾಲಾಗಿ ನಿಂತಿದ್ದರು. ನಿಂತಿದ್ದರು ಅನ್ನುವುದಕ್ಕಿಂತ ಬಗ್ಗಿದ್ದರು. ಕುಳ್ಳಿ ಚಿತ್ರವನ್ನು ಹಿಗ್ಗಿಸಿದಳು.

"ಸೋಡಾಬುಡ್ಡಿ, ಇಲ್ಲಿ ಬಾ. ಇದು ನನಗೆ ಕಾಣೋದೇ ನಿನಗೂ ಕಾಣ್ತಾ ಇದೆಯಾ?"

ಅವನು ಕನ್ನಡಕ ಒರೆಸಿಕೊಂಡು ಪರದೆಗೆ ಮುಖ ತಾಗಿಸಿದ. "ತಿಕ," ಅಂದ ಮೆಲ್ಲಗೆ. "ಗಂಡಸರದು, ಹೆಂಗಸರದು, ಮುದುಕರದು. ಅಪ್ಪಾ ದೇವರೇ, ಊರಿಗೆ ಊರೇ."

ಕುಳ್ಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಮುಗಿದ ಮೇಲೆ ಬಾವಿ, ಗುಂಡಿಗಳ ಸಾಲು ಮತ್ತೆ ನೋಡಿದಳು; ಮನೆಯಲ್ಲಿ ಕೇಳಿ ಬೆಳೆದ ಹಾಗೇ ಇದ್ದವು. ಅದು ಅವಳದೇ ಕೇರಿ. ಅವಳು ಹುಟ್ಟುವ ಮೊದಲೇ ನೆಲಸಮವಾದ ಕೇರಿ.

ತಾಯಿ ಸತ್ತ ಮೇಲೆ ಕುಳ್ಳಿಯನ್ನು ಸಾಕಿದವಳು ದೊಡ್ಡಮ್ಮ. ಸಂಜೆ ಮನೆಗೆ ಬಂದು ಹೇಳಿದಾಗ ಮುದುಕಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ಚೆನ್ನಾಗಿ ಬಂದಿದೆಯೇನೇ?" ಅಂದಳು.

"ಮತ್ತೆ ನೀನು ಹೇಳ್ತಿದ್ದದ್ದು ನಿಜಾನಾ? ಸುಮ್ನೆ ಕತೆ ಕಟ್ತೀಯ ಅಂದ್ಕೊಂಡಿದ್ದೆ."

"ಕತೆ ಯಾಕೆ ಕಟ್ಟಲಿ? ದಿನಾ ಬರೋನು ಆ ಹಾಳಾದೋನು, ತಲೆ ಮೇಲೇ ಹಾರೋನು. ಆಡು ಹಗ್ಗ ಕಿತ್ಕೊಂಡು ಓಡೋವು, ಕೂಸುಗಳು ಕಿಟಾರನೆ ಕಿರುಚೋವು. ಜಾಗ ಅಳೀತಿದಾರೆ, ನಮ್ಮನ್ನ ಎಬ್ಬಿಸ್ತಾರೆ ಅಂತ ಸುದ್ದಿ. ಯಾರ ಹತ್ರ ಹೋಗಿ ಹೇಳೋದು? ನಿಮ್ಮಜ್ಜಿ ಅಂದ್ಲು, ನೋಡಬೇಕು ಅಂತಾನೇ ಬರ್ತಾನಲ್ಲ, ನೋಡ್ಕೊಂಡು ಹೋಗ್ಲಿ ಬಿಡ್ರೇ. ಅವಳೇ ಮೊದಲು ಬಗ್ಗಿದ್ದು."

ಆಮೇಲೆ ನಡೆದದ್ದು ಕೇರಿಗೆಲ್ಲ ಗೊತ್ತು. ಲಾರಿಗಳು ಬಂದವು. ಜನರನ್ನು ಕಸದ ಗುಡ್ಡೆಯ ಆಚೆ ಸುರಿದು ಹೋದವು. ಜಾಗಕ್ಕೆ ಮುಳ್ಳುತಂತಿ ಬಿತ್ತು, ಸಿಪಾಯಿಗಳ ಮೈದಾನವಾಯಿತು. ಕೇಳಲು ಹೋದವರಿಗೆ ಪ್ರತಿ ಕಚೇರಿಯಲ್ಲೂ ಒಂದೇ ಉತ್ತರ: ಅಲ್ಲಿ ಯಾರೂ ಇರಲೇ ಇಲ್ಲ, ಖಾಲಿ ಬಯಲು.

ಮಾರನೆಯ ದಿನ ಚಿತ್ರ ಕರ್ನಲ್ ಕಣ್ಣಿಗೆ ಬಿತ್ತು. ಅವನ ಕಿವಿ ಕೆಂಪಾಯಿತು.

"ಅಸಹ್ಯ. ಇದನ್ನ ಜನರಿಗೆ ತೋರಿಸೋದಾ? ಮಂತ್ರಿಗಳು ಉದ್ಘಾಟನೆಗೆ ಬರ್ತಾ ಇದಾರೆ. ಇವುಗಳ ಮೇಲೆಲ್ಲ ಮುಳ್ಳುಗಿಡ ಹಾಕು."

"ಮುಳ್ಳುಗಿಡಾನಾ ಸಾರ್?"

"ಕಂಪ್ಯೂಟರಲ್ಲಿ ಬರಲ್ವಾ? ಆ ಕಡೆ ಪೊದೆ ಇದೆಯಲ್ಲ, ಅದನ್ನೇ ಎತ್ತಿ ಇಲ್ಲಿ ಅಂಟಿಸು. ಗುಡಿಸಲಿನ ಮೇಲೂ. ಕೆಳಗೆ 'ನಿರ್ಜನ ಪ್ರದೇಶ' ಅಂತ ಬರಿ."

"ನಿರ್ಜನ ಅಂದ್ರೆ ಜನ ಇಲ್ಲ ಅಂತ ಅಲ್ವಾ ಸಾರ್?" ಕುಳ್ಳಿ ತೀರ ವಿನಯದಿಂದ ಕೇಳಿದಳು. "ಹಂಗಾದ್ರೆ ಈ ತಿಕಗಳು ಯಾರವು ಅಂತ ಬರೀಲಿ?"

ಕರ್ನಲ್ ಕೈಯಲ್ಲಿದ್ದ ಫೈಲಿನಿಂದ ಅವಳ ತಲೆಗೆ ಬಡಿದ. ಜೋರಾಗೇನಲ್ಲ, ನಾಯಿಗೆ ಬಡಿದ ಹಾಗೆ. "ಮಾಡು ಅಂದಿದ್ದನ್ನ ಮಾಡು, ಮುಂಡೇದೆ." ಅವಳು ಶುರು ಮಾಡುವ ತನಕ ಬೆನ್ನ ಹಿಂದೆಯೇ ನಿಂತ.

ಕುಳ್ಳಿ ಒಂದು ಪೊದೆ ಎತ್ತಿ ಅಂಟಿಸಿದಳು. ಸಾಲಿನ ತುದಿಯಲ್ಲಿ ಬಗ್ಗಿದ್ದ ಒಬ್ಬ ಹೆಂಗಸು ಇಲ್ಲವಾದಳು. ಇನ್ನೊಂದು ಅಂಟಿಸಿದಳು. ಕರ್ನಲ್ ಸಮಾಧಾನವಾಗಿ ಹೊರಟುಹೋದ. ಕುಳ್ಳಿ ಮೌಸ್ ಬಿಟ್ಟು, ಎರಡೂ ಕೈಯನ್ನು ತೊಡೆಯ ಮಧ್ಯೆ ಸಿಕ್ಕಿಸಿಕೊಂಡಳು. ಬದುಕಿದ್ದವರ ಮೇಲೆ ಮಣ್ಣೆಳೆದ ಹಾಗಾಗಿತ್ತು. ಆಮೇಲೆ ಎರಡೂ ಪೊದೆ ಅಳಿಸಿದಳು.

ಉದ್ಘಾಟನೆಗೆ ಮೇಲಿನ ಸಭಾಂಗಣದಲ್ಲಿ ಗೋಡೆಯಷ್ಟು ದೊಡ್ಡ ಪರದೆ ಕಟ್ಟಿದ್ದರು. ಮಂತ್ರಿ ಗುಂಡಿ ಒತ್ತಿದರೆ ಹಳೇ ಸೇತುವೆಯ ಚಿತ್ರ ತೆರೆದುಕೊಳ್ಳಬೇಕು. ಅದೇ ಗಳಿಗೆಯಿಂದ ಜಾಲತಾಣ ಎಲ್ಲರಿಗೂ ಮುಕ್ತ. ಕಂಪ್ಯೂಟರು ನಡೆಸಲು ಕುಳ್ಳಿ, ಸೋಡಾಬುಡ್ಡಿ ಇಬ್ಬರನ್ನೂ ಪರದೆಯ ಮಗ್ಗುಲಲ್ಲಿ ಯಾರಿಗೂ ಕಾಣದ ಹಾಗೆ ಕೂರಿಸಿದ್ದರು. ಕುಳ್ಳಿ ಸೇತುವೆ ತೆಗೆದು ಬೇರೆ ಚಿತ್ರ ಇಡುವುದನ್ನು ಸೋಡಾಬುಡ್ಡಿ ನೋಡಿದ. ಕನ್ನಡಕ ಕಳಚಿ ಜೇಬಿಗೆ ಹಾಕಿಕೊಂಡ.

"ಇದು ಇಲ್ಲದಿದ್ರೆ ನನಗೆ ಏನೂ ಕಾಣಲ್ಲ ಕಣಮ್ಮ," ಅಂದ. "ಏನು ಮಾಡ್ತೀಯೋ ಬೇಗ ಮಾಡು."

ಮಂತ್ರಿ ಗುಂಡಿ ಒತ್ತಿದರು. ಸಭೆ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿತು.

"ಏನಿದು, ಕುಂಬಳಕಾಯಿ ಹೊಲವೇ?" ಮಂತ್ರಿ ಕತ್ತು ಓರೆ ಮಾಡಿ ಕೇಳಿದರು.

ಹಿಂದಿನ ಸಾಲಿನಿಂದ ಯಾರೋ ಚಿತ್ರದ ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು. "ನದಿ ದಂಡೆಯ ತೊಗಲುಗಾರರ ಕೇರಿ. ತಮ್ಮನ್ನು ಎಬ್ಬಿಸಲು ಬಂದ ವಿಮಾನಕ್ಕೆ ಊರಿನವರು ತಿಕ ತೋರಿಸುತ್ತಿರುವುದು."

ಮೊದಲು ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಆಮೇಲೆ ಸಭೆಗೆ ಸಭೆಯೇ. ಎಲ್ಲರೂ ಫೋನು ತೆಗೆದರು. ಕರ್ನಲ್ ಪರದೆಯ ಮಗ್ಗುಲಿಗೆ ನುಗ್ಗಿ ಕುಳ್ಳಿಯ ರಟ್ಟೆ ಹಿಡಿದೆಳೆದ. "ಸೂಳೆಮುಂಡೆ, ತೆಗಿ ಅದನ್ನ."

"ಮೈಕು ಹತ್ರದಲ್ಲೇ ಇದೆ ಸಾರ್," ಅಂದಳು ಕುಳ್ಳಿ. "ಸೈನ್ಯದ್ದೇ ಚಿತ್ರ. ಒಂದು ಚುಕ್ಕೆನೂ ಮುಟ್ಟಿಲ್ಲ."

ಅವಳನ್ನು ಕಾವಲಿನವರು ಗೇಟಿನಾಚೆ ದೂಡಿದರು. ಚಪ್ಪಲಿ ಒಳಗೇ ಉಳಿಯಿತು. ಹೊತ್ತು ಮುಳುಗುವುದರೊಳಗೆ ಜಾಲತಾಣದಿಂದ ಚಿತ್ರವನ್ನೂ ಕಿತ್ತರು. ಆದರೆ ಅದು ಆಗಲೇ ಫೋನಿಂದ ಫೋನಿಗೆ ಹಾರಿ, ಕಸದ ಗುಡ್ಡೆಯಾಚೆಯ ಕೇರಿಗೆ ಅವಳಿಗಿಂತ ಮೊದಲೇ ತಲುಪಿತ್ತು. ಮುದುಕರು ತಮ್ಮ ತಮ್ಮ ತಿಕದ ಗುರುತು ಹಿಡಿಯುತ್ತ ಜಗಳಕ್ಕೆ ಬಿದ್ದಿದ್ದರು.

ದೊಡ್ಡಮ್ಮ ಮಾತ್ರ ಸಾಲಿನ ಕಡೆ ನೋಡಲೇ ಇಲ್ಲ. ಅವಳ ಬೆರಳು ಬಾವಿಯಿಂದ ಗುಂಡಿಗಳ ಕಡೆಗೆ ಸರಿದು, ಕೊನೆಯ ಗುಂಡಿಯ ಪಕ್ಕದಲ್ಲಿ ನಿಂತಿತು. ಅಲ್ಲಿ ಒಂದು ಸಣ್ಣ ಮಣ್ಣಿನ ದಿಬ್ಬ.

"ಇದೇ," ಅಂದಳು. "ನನ್ನ ಚೊಚ್ಚಲು. ಮೂರು ತಿಂಗಳ ಕೂಸು. ಗುಂಡಿ ಎಲ್ಲ ಮುಚ್ಚಿಬಿಟ್ರಲ್ಲ, ಬಾವಿ ಒಂದೇ ಉಳೀತು. ತಂತಿ ಆಚೆ ನಿಂತು ಎಷ್ಟು ಸಲ ನೋಡಿದೀನಿ. ಎಲ್ಲಿ ಹೂತಿದ್ದು ಅಂತ ಗೊತ್ತಾಗ್ತಿರ್ಲಿಲ್ಲ."

ಕುಳ್ಳಿಗೆ ಅವಳು ಇದನ್ನು ಯಾವತ್ತೂ ಹೇಳಿರಲಿಲ್ಲ.

ಬೆಳಿಗ್ಗೆ ಮುದುಕಿ ಫೋನು ಹಿಡಿದು ಮುಂದೆ ನಡೆದಳು. ಹಿಂದೆ ಕುಳ್ಳಿ, ಅವಳ ಹಿಂದೆ ಕೇರಿ. ಮೈದಾನದ ಬೇಲಿಯ ಒಳಗೆ ಒಬ್ಬ ಎಳೇ ಸಿಪಾಯಿ ಕಾವಲಿದ್ದ. ಬಂದೂಕು ಎತ್ತಿ ಹಿಡಿದು, ಇಲ್ಲಿ ಏನೂ ಇಲ್ಲ, ವಾಪಸ್ ಹೋಗಿ ಅಂದ.

ದೊಡ್ಡಮ್ಮ ಬಾವಿ ನೋಡಿದಳು, ಚಿತ್ರ ನೋಡಿದಳು, ಮತ್ತೆ ಬಾವಿ ನೋಡಿದಳು. ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, ಬಗ್ಗಿ ಒಳಗೆ ಕಾಲಿಟ್ಟಳು.

"ಸ್ವಲ್ಪ ಪಕ್ಕಕ್ಕೆ ನಿಂತ್ಕೋ ಮಗಾ," ಅಂದಳು. "ನನ್ನ ಕೂಸಿನ ಮೇಲೆ ನಿಂತಿದೀಯ."

ಸಿಪಾಯಿ ಬಂದೂಕು ಇಳಿಸಲಿಲ್ಲ. ತನ್ನ ಬೂಟಿನ ಕೆಳಗಿನ ನೆಲ ನೋಡಿದ.