ಒಂದೇ ಸ್ಟಾರ್

"ತಪ್ಪು ಕಸ್ಟಮರ್‌ದಲ್ಲ, ನಮ್ದೇ ಅಂತ ಆಮೇಲೆ ಗೊತ್ತಾಯ್ತು ಅಂತಿಟ್ಕೊಳ್ಳಿ. ಏನ್ ಮಾಡ್ತೀರಾ?" ಸಂದರ್ಶನ ಮಾಡುತ್ತಿದ್ದ ಸುಮಾ ಕೇಳಿದರು. ಇಂಗ್ಲಿಷಿನ ಸುತ್ತು ಮುಗಿದಿತ್ತು. ಬ್ಯಾಂಕಿನ ಇಂಟರ್ನ್‌ಶಿಪ್‌ಗೆ ಬಂದವರು ಕನ್ನಡದ ಗ್ರಾಹಕರೊಡನೆ ಹೇಗೆ ಮಾತಾಡುತ್ತಾರೆಂದು ನೋಡಲು ಇದು ಕೊನೆಯ ಪ್ರಶ್ನೆ.

ಎದುರಿಗಿದ್ದ ಮುಖ ಸಂಯುಕ್ತಾಳಿಗೆ ಗೊತ್ತಿತ್ತು. ಆ ಮುಖಕ್ಕೆ ಇವಳು ಗೊತ್ತಿರಲಿಲ್ಲ. ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಸುಮಾ ಅವರ ಮನೆಗೆಲಸ ಮಾಡುತ್ತಿದ್ದವಳು ಸಂಯುಕ್ತಾಳ ತಾಯಿ ರಾಧಾಮಣಿ. ರಜೆಯಲ್ಲಿ ಅಮ್ಮನ ಜೊತೆ ಹೋಗಿ ಆ ಬಾಲ್ಕನಿಯನ್ನು ಇವಳೂ ಒರೆಸಿದ್ದಳು.

ಒಂದು ದಿನ ಆ ಮನೆಯಲ್ಲಿ ಸುಮಾ ಅವರ ಸರ ಕಾಣಲಿಲ್ಲ. ಅಲ್ಲಿನ ನಿವಾಸಿಗಳ ಮೊಬೈಲ್ ಆಪ್‌ನಲ್ಲಿ ಕೆಲಸದವರ ಫೋಟೊಗಳಿರುತ್ತಿದ್ದವು, ಕೆಳಗೆ ಮನೆಯವರು ಕೊಟ್ಟ ಸ್ಟಾರ್‌ಗಳು. ಸುಮಾ ರಾಧಾಮಣಿಗೆ ಒಂದು ಸ್ಟಾರ್ ಕೊಟ್ಟು 'ಕೈ ಶುದ್ಧ ಇಲ್ಲ' ಎಂದು ಬರೆದರು. ಸಂಜೆಯೊಳಗೆ ಉಳಿದ ಮನೆಗಳೂ ಅವಳನ್ನು ಬೇಡವೆಂದವು. ಆಮೇಲೆ ಸರ ವಾಷಿಂಗ್ ಮಷೀನಿನ ಹಿಂದೆ ಸಿಕ್ಕಿತು. ಸುಮಾ ಫೋನ್ ಮಾಡಿದ್ದನ್ನು ಸಂಯುಕ್ತಾ ಸ್ಪೀಕರ್‌ನಲ್ಲಿ ಕೇಳಿದ್ದಳು: "ಸಾರಿ ರಾಧಾ. ಆದ್ರೆ ಒಂದ್ಸಲ ಕೊಟ್ಟಿದ್ದು ಆಪ್‌ನಲ್ಲಿ ತೆಗೆಯೋಕ್ ಬರಲ್ಲ ಕಣೆ."

"ತಪ್ಪು ಎಲ್ಲಿ ಬರ್ದಿದೀವೋ ಅಲ್ಲೇ ಸರಿ ಮಾಡ್ಬೇಕು ಮೇಡಂ," ಎಂದಳು ಸಂಯುಕ್ತಾ. "ಫೋನಲ್ಲಿ ಸಾರಿ ಅಂದ್ರೆ ಅವ್ರೊಬ್ರಿಗೆ ಕೇಳ್ಸತ್ತೆ. ಬರ್ದಿದ್ದನ್ನ ಎಲ್ರೂ ಓದಿರ್ತಾರೆ."

ಸುಮಾ ಪಕ್ಕದಲ್ಲಿದ್ದ ಸಹೋದ್ಯೋಗಿಯ ಕಡೆ ತಿರುಗಿದರು. "ನೋಡಿ ಸುರೇಶ್, ಬೆಳಿಗ್ಗೆಯಿಂದ ಒಬ್ರೂ ಹಿಂಗ್ ಹೇಳ್ಲಿಲ್ಲ." ಮತ್ತೆ ಇವಳಿಗೆ, "ಮನೆ ಎಲ್ಲಮ್ಮಾ? ಅಪ್ಪ, ಅಮ್ಮ?"

"ಅಟ್ಟೂರು. ಅಮ್ಮ ಮಾತ್ರ ಇರೋದು. ಮುಂಚೆ ಹೆಬ್ಬಾಳದಲ್ಲಿ ಕೆಲ್ಸ ಮಾಡ್ತಿದ್ರು. ಈಗ ಗಾರ್ಮೆಂಟ್ಸು."

"ನೈಸ್. ನನ್ ಟೀಮಿಗೇ ತಗೋತೀನಿ. ನಾಳೆ ಮೇಲ್ ಬರತ್ತೆ."

ಇಂಟರ್ನ್‌ಶಿಪ್ ಇಲ್ಲದೆ ಕೊನೆಯ ಸೆಮಿಸ್ಟರ್ ಮುಗಿಯುವುದಿಲ್ಲ. ಬೇರೆ ಕಡೆಗಳಲ್ಲಿ ಆಗಲೇ ಇಲ್ಲವೆಂದಿದ್ದರು.

ಹೊರಗೆ ರಿಸೆಪ್ಷನ್ ಹುಡುಗಿ ಟ್ಯಾಬ್ ಮುಂದಿಟ್ಟಳು. "ಇಂಟರ್‌ವ್ಯೂ ಮಾಡಿದವ್ರಿಗೆ ರೇಟಿಂಗ್ ಕೊಟ್ಬಿಟ್ಟು ಹೋಗಿ ಮೇಡಂ. ಎಚ್‌ಆರ್ ಹೆಡ್ಡೇ ಓದ್ತಾರೆ." ಪರದೆಯಲ್ಲಿ ನಗುವ ಸುಮಾ, ಕೆಳಗೆ ಐದು ಖಾಲಿ ಸ್ಟಾರ್, ಕಾರಣ ಬರೆಯಲು ಜಾಗ. ಮೇಲ್ಗಡೆ ಸಂಯುಕ್ತಾಳ ಪೂರ್ತಿ ಹೆಸರು. ಅವಳು ಐದನೆಯದನ್ನು ಮುಟ್ಟಿದಳು. ಐದೂ ಹಳದಿಯಾದವು.

ಮಗಳ ಜೊತೆ ಬಂದು ಕಾಯುತ್ತಿದ್ದ ರಾಧಾಮಣಿ ಬಾಗಿಲ ಹತ್ತಿರದ ಸೋಫಾದಿಂದ ಎದ್ದಳು. "ಆಯ್ತೇನೇ? ಈ ಏಸೀಲಿ ಇನ್ನೊಂಚೂರ್ ಕೂರ್ಸಿದ್ರೆ ಐಸ್ ಕ್ಯಾಂಡಿ ಆಗೋಗ್ತಿದ್ದೆ ಕಣೆ." ನಗುತ್ತಲೇ ಮುಂದೆ ಹೋಗಿ, ಗಾರ್ಡ್ ಎದುರು ನಿಂತು, ಬ್ಯಾಗಿನ ಜಿಪ್ ಎಳೆದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಒಳಗೆ ಟಿಫನ್ ಡಬ್ಬಿ, ಛತ್ರಿ.

ಗಾರ್ಡ್ ಗಾಬರಿಯಾದ. "ಯಾಕಮ್ಮಾ? ಇಲ್ಲಿ ಚೆಕಿಂಗೆಲ್ಲಾ ಇಲ್ಲ, ಹೋಗಿ."

"ನೋಡ್ಬಿಡಪ್ಪಾ," ಎಂದಳು ರಾಧಾಮಣಿ. "ಆಮೇಲ್ ಯಾರೂ ಏನೂ ಅನ್ಬಾರ್ದು."

ಸಂಯುಕ್ತಾ ಟ್ಯಾಬ್ ಕಡೆ ತಿರುಗಿದಳು. ಮೊದಲ ಸ್ಟಾರ್ ಮುಟ್ಟಿದಳು. ಉಳಿದ ನಾಲ್ಕು ಆರಿದವು. ಕೆಳಗಿನ ಜಾಗದಲ್ಲಿ ಮೂರು ಪದ ಬರೆದಳು: ಕೈ ಶುದ್ಧ ಇಲ್ಲ. ಒಮ್ಮೆ ಕಳಿಸಿದರೆ ಬದಲಿಸಲು ಬರುವುದಿಲ್ಲ, ಕಳಿಸಬಹುದೇ ಎಂದು ಪರದೆ ಕೇಳಿತು. ಅವಳು ಹೌದು ಎಂಬುದನ್ನು ಒತ್ತಿದಳು.

ಬಾಗಿಲಲ್ಲಿ ಗಾರ್ಡ್ ತಾನೇ ಬಗ್ಗಿ ಅಮ್ಮನ ಬ್ಯಾಗನ್ನು ಮುಚ್ಚಲು ಜಿಪ್ ಎಳೆಯುತ್ತಿದ್ದ. ಅದು ಅರ್ಧದಲ್ಲಿ ಸಿಕ್ಕಿಕೊಂಡಿತ್ತು. ಸಂದಿಯಲ್ಲಿ ಡಬ್ಬಿಯ ಅಂಚು ಹೊಳೆಯುತ್ತಿತ್ತು.